ಎಲ್ಲರ ನಾಡಿಯೂ ಎಪ್ಪತ್ತೆರಡು

ದಾದಿಯ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಕಂಕನಾಡಿಯ ಸಭಾಂಗಣವೊಂದರಲ್ಲಿ ಹೆಂಗಸರಿಗೆ ರೋಗಿಗಳ ಆರೈಕೆ ಕಲಿಸುತ್ತಿದ್ದೇನೆ. ಮೂರು ತಿಂಗಳ ಉಚಿತ ತರಬೇತಿ. ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ಹಾಕುತ್ತೇನೆ, ತಡವಾದವರು ಹೊರಗೆ. ಮೊದಲು ಎಲ್ಲರ ಉಗುರು ನೋಡುತ್ತೇನೆ, ಆಮೇಲೆ ಪಾಠ. ನನ್ನನ್ನು ಹಾಗೆಯೇ ತಿದ್ದಿದ್ದರು. ಬೇರೆ ರೀತಿ ನನಗೆ ತಿಳಿಯದು.

ಕಳೆದ ತಂಡದಲ್ಲಿ ಉಳ್ಳಾಲದ ಹೆಂಗಸೊಬ್ಬಳಿದ್ದಳು. ಹದಿನೈದು ವರ್ಷ ಗೇರುಬೀಜ ಒಡೆದವಳು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ದುಡಿಯುವವರು ಯಾರೂ ಇರಲಿಲ್ಲ. ಆಸ್ಪತ್ರೆಯೊಂದು ಅವಳಿಗೆ ಕೆಲಸ ಕೊಡಲು ಒಪ್ಪಿತ್ತು, ನಮ್ಮ ಪರೀಕ್ಷೆ ಪಾಸಾದರೆ ಮಾತ್ರ. ಹಾಸಿಗೆ ಹಾಸುವುದು, ರೋಗಿಯನ್ನು ಮಗ್ಗುಲಾಗಿಸುವುದು, ಎಲ್ಲದರಲ್ಲೂ ಅವಳು ಮುಂದು. ನಾಡಿ ಎಣಿಸುವಾಗಲೂ ತಡವರಿಸುತ್ತಿರಲಿಲ್ಲ. ಗಡಿಯಾರ ನೋಡುತ್ತಾ ಒಂದು ನಿಮಿಷ ಕಳೆದು "ಎಪ್ಪತ್ತೆರಡು" ಎನ್ನುತ್ತಿದ್ದಳು.

ಎರಡನೆಯ ತಿಂಗಳಲ್ಲಿ ಅವಳ ಪುಸ್ತಕ ತಿದ್ದುವಾಗ ನೋಡಿದೆ, ಎಲ್ಲರಿಗೂ ಎಪ್ಪತ್ತೆರಡು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವಳಿಗೂ ಎಪ್ಪತ್ತೆರಡು.

"ಎಂತ ಇದು?" ಎಂದೆ.

ಪಕ್ಕದಲ್ಲಿದ್ದ ಶಕ್ತಿನಗರದ ಯುವತಿ ಬಾಯಿ ಹಾಕಿದಳು. "ಅಕ್ಕ, ಸತ್ತವರ ಕೈ ಕೊಟ್ರೂ ನಿಮ್ಮದು ಎಪ್ಪತ್ತೆರಡೇ ಅಲ್ವಾ ಮಾರಾಯ್ರೆ?"

"ನೀನು ಸುಮ್ಮನೆ ಕೂತ್ಕೊ" ಎಂದು ಅವಳನ್ನು ಗದರಿಸಿದೆ.

ಊಟದ ಹೊತ್ತಿಗೆ ಉಳ್ಳಾಲದವಳೇ ಬಂದು ಎರಡೂ ಕೈ ಚಾಚಿದಳು. "ಟೀಚರ್, ನನಗೆ ಎಂತದೂ ಗೊತ್ತಾಗುದಿಲ್ಲ. ಬೆರಳಲ್ಲಿ ಜೀವವೇ ಇಲ್ಲ. ಪಾಠದ ಪುಸ್ತಕದಲ್ಲಿ ಎಪ್ಪತ್ತೆರಡು ಅಂತ ಉಂಟಲ್ಲ, ಅದನ್ನೇ ಬರ್ದೆ."

ಗೇರುಬೀಜದ ಚಿಪ್ಪಿನ ಎಣ್ಣೆ ತಾಗಿ ತಾಗಿ ಬೆರಳ ತುದಿಗಳು ಕಪ್ಪಗೆ ಗಟ್ಟಿಯಾಗಿದ್ದವು. ದಿನವೂ ಉಗುರು ನೋಡಿದ್ದೆ, ಇದನ್ನು ನೋಡಿರಲಿಲ್ಲ.

"ಸಿಗದಿದ್ರೆ ಸಿಗ್ಲಿಲ್ಲ ಅಂತ ಹೇಳು. ಸುಳ್ಳು ಬರೆದ್ರೆ ರೋಗಿಯ ಜೀವ ಹೋಗ್ತದೆ."

"ಸಿಗ್ಲಿಲ್ಲ ಅಂದ್ರೆ ನನಗೆ ಕೆಲಸ ಯಾರು ಕೊಡ್ತಾರೆ ಟೀಚರ್?"

ಬೆರಳ ತುದಿಯಿಂದಲೇ ನಾಡಿ ಹಿಡಿಯಬೇಕೆಂಬುದು ನಾನು ಇಷ್ಟು ವರ್ಷ ಪಾಲಿಸಿದ ಕ್ರಮ. ಮರುದಿನದಿಂದ ಅವಳನ್ನು ಅರ್ಧ ಗಂಟೆ ಮೊದಲೇ ಬರಹೇಳಿ ನನ್ನ ಮಣಿಕಟ್ಟು ಕೊಟ್ಟೆ. ಕಿರುಬೆರಳು ನೋಡಿದೆವು, ಎಡಗೈ ನೋಡಿದೆವು. ನಾಲ್ಕನೆಯ ದಿನ ಅವಳೇ ಬೆರಳುಗಳನ್ನು ಇನ್ನಷ್ಟು ಮುಂದಕ್ಕೆ ಜರುಗಿಸಿ, ತುದಿಯ ಬದಲು ಬೆರಳಿನ ನಡುಗೆಣ್ಣಿನ ಒಳಬದಿಯ ಮೆತ್ತನೆಯ ಜಾಗವನ್ನು ನನ್ನ ಮಣಿಕಟ್ಟಿಗೆ ಒತ್ತಿದಳು. ಸ್ವಲ್ಪ ಹೊತ್ತಿಗೆ ತುಟಿ ಅಲ್ಲಾಡತೊಡಗಿತು.

"ಅರವತ್ತಾರು" ಎಂದಳು. ನಾನು ನನ್ನ ಕುತ್ತಿಗೆಯಲ್ಲಿ ಎಣಿಸಿದ್ದೂ ಅಷ್ಟೇ.

ಪರೀಕ್ಷೆಯ ದಿನ ಹೊರಗಿನ ವೈದ್ಯರು ತಮ್ಮ ಕೈಯನ್ನೇ ಚಾಚಿದರು. ಅವಳು ಬೆರಳಿಡುತ್ತಲೇ "ಹಿಡಿಯುವ ಕ್ರಮ ಹೀಗಲ್ಲಮ್ಮ" ಎಂದರು. ಅವಳು ನನ್ನತ್ತ ನೋಡಿದಳು. ನಾನು ಮಾತಾಡುವಂತಿರಲಿಲ್ಲ.

"ನನಗೆ ಹೀಗೇ ಸಿಗುದು ಸರ್. ಒಂದು ನಿಮಿಷ ಮಾತಾಡ್ಬೇಡಿ, ಲೆಕ್ಕ ತಪ್ತದೆ."

ವೈದ್ಯರು ಗಡಿಯಾರದತ್ತ ತಿರುಗಿದರು. ಅವಳು ಎಂಬತ್ತನಾಲ್ಕು ಎಂದಳು. ಅವರು ತಾವೇ ಮತ್ತೊಮ್ಮೆ ಎಣಿಸಿ ಸರಿ ಎಂದು ತಲೆಯಾಡಿಸಿದರು. ಬೆರಳಿಟ್ಟ ಕ್ರಮಕ್ಕೆ ಎರಡು ಅಂಕ ಕಳೆದರು. ಹಿಂದಿನ ವರ್ಷವಾಗಿದ್ದರೆ ನಾನು ನಾಲ್ಕು ಕಳೆಯುತ್ತಿದ್ದೆ. ಅವಳು ಪಾಸಾದಳು. ಸೋಮವಾರದಿಂದ ಆಸ್ಪತ್ರೆಯ ಬೆಳಗಿನ ಪಾಳಿಗೆ ಹೋಗತೊಡಗಿದಳು.