ಔರಾದದಲ್ಲಿ ಸಿಕ್ಕ ಆಯೇರಿ

ಮೂವತ್ತು ವರ್ಷ ನಾಟಕಗಳಲ್ಲಿ ಹಾಸ್ಯ ಪಾತ್ರ ಮಾಡಿದ್ದೇನೆ. ನಾಯಕಿಯಾಗಬೇಕೆಂದೇ ಹೋದವಳು ನಾನು. ಭಾತಂಬ್ರಾದಲ್ಲಿ ಮೊದಲ ಸಲ ಅಳುವ ದೃಶ್ಯದಲ್ಲಿ ಬಿಕ್ಕಳಿಕೆ ಹತ್ತಿತು ನೋಡಿ, ಜನ ಬಿದ್ದು ಬಿದ್ದು ನಕ್ಕರು. ಮರುದಿನವೇ ನಾಟಕದ ಮಾಸ್ತರರು ನನಗೆ ಜಗಳಗಂಟಿ ಅತ್ತೆಯ ಪಾತ್ರ ಕೊಟ್ಟರು. ಗಂಡ ತೀರಿಕೊಂಡ ಮೇಲೆ ಬೀದರಿನಲ್ಲಿ ಮನೆ ನಡೆಸಿದ್ದು, ಮಗಳನ್ನು ನರ್ಸಿಂಗ್ ಓದಿಸಿದ್ದು ಆ ನಗುವಿನಿಂದಲೇ. ನಾನ್ಯಾಕೆ ನಾಚಬೇಕು?

ಮಗಳನ್ನು ನೋಡಲು ಭಾಲ್ಕಿಯಿಂದ ಗಂಡಿನವರು ಬಂದರು. ಹುಡುಗನೂ ಒಪ್ಪಿದ, ಇವಳೂ ಒಪ್ಪಿದಳು. ಚಹಾ ಕುಡಿದ ಮೇಲೆ ಹುಡುಗನ ಸೋದರಮಾವ ಬಾಯಿಬಿಟ್ಟರು.

“ಅಕ್ಕಾರ, ನಾಟಕ ಬಿಟ್ಟುಬಿಡ್ರಿ. ಬೀಗತಿನ್ನ ನೋಡಿ ಮಂದಿ ನಗೋದು ಛಲೋ ಕಾಣಂಗಿಲ್ರಿ.”

“ನಗಲಿ ಅಂತನೇ ಮಾಡ್ತೇನ್ರಿ,” ಅಂದೆ.

ಮಗಳು ತಲೆ ತಗ್ಗಿಸಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವಳ ಮುಖ ನೋಡಿ, “ಐತ್ವಾರ ಔರಾದದಾಗ ಒಂದು ನಾಟಕ ಒಪ್ಪಿಕೊಂಡೇನಿ. ಅದು ಮುಗಿದ ಮ್ಯಾಲ ಹೇಳ್ತೇನ್ರಿ,” ಅಂದು ಮಾತು ಮುಗಿಸಿದೆ.

ಭಾನುವಾರ ಔರಾದದಲ್ಲಿ ಮಧ್ಯಾಹ್ನದ ನಾಟಕ. ಮುಂದಿನ ಸಾಲಿನಲ್ಲಿ ಮಗಳು, ಅವಳ ಹಿಂದೆ ಆ ಸೋದರಮಾವ. ನಮ್ಮ ಕಡೆ ಪಾತ್ರ ಮೆಚ್ಚಿದವರು ನಾಟಕವನ್ನೇ ನಿಲ್ಲಿಸಿ, ಮೈಕಿನಲ್ಲಿ ಹೇಳಿ ನಟರಿಗೆ ಉಡುಗೊರೆ ಕೊಡುತ್ತಾರೆ. ಅದೇ ಆಯೇರಿ. ಬೇಡ ಎಂದರೆ ಕೊಟ್ಟವರಿಗೆ ಅವಮಾನ. ಎರಡನೇ ಅಂಕದ ನಡುವೆ ಈ ಮನುಷ್ಯ ಸೀರೆ ಹಿಡಿದು ಮೇಲೆ ಬಂದೇಬಿಟ್ಟರು.

“ಇವರು ನಮಗ ಬೀಗತಿ ಆಗೋರು. ಇದು ಇವರ ಕಡೀ ನಾಟಕ. ಅದಕ್ಕ ಈ ಆಯೇರಿ!”

ಜನ ಚಪ್ಪಾಳೆ ಹೊಡೆದರು. ಅಬ್ಬಾ! ನನ್ನನ್ನೊಂದು ಮಾತು ಕೇಳದೆ, ನನ್ನ ರಂಗದ ಮೇಲೆಯೇ ನಿಂತು! ಆದರೂ ಎರಡೂ ಕೈಯಲ್ಲಿ ಸೀರೆ ತೆಗೆದುಕೊಂಡೆ. ಅದರ ಸೆರಗು ಬಿಡಿಸಿ ನೋಡಿದೆ. ಆಮೇಲೆ ಆ ಜಗಳಗಂಟಿ ಅತ್ತೆಯ ದನಿಯಲ್ಲೇ ಹೇಳಿದೆ:

“ಸೀರಿ ಭಾಳ ಛಲೋ ಅದ್ರಿ ಅಣ್ಣಾರ. ಮುಂದಿನ ನಾಟಕದಾಗ ಇದನ್ನೇ ಉಡ್ತೇನಿ!”

ಪೆಂಡಾಲು ಹಾರಿಹೋಗುವಂತೆ ಜನ ನಕ್ಕರು. ಸೋದರಮಾವ ಕೆಳಗಿಳಿದು ಸೀದಾ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಮರುದಿನ ಬೆಳಗ್ಗೆ ಫೋನು ಬಂತು. ಸಂಬಂಧ ಬೇಡವಂತೆ. ಹುಡುಗನೂ ಹಿರಿಯರು ಹೇಳಿದ ಹಾಗೆಯೇ ಅಂದನಂತೆ. ಮಗಳ ಮುಂದೆ ಕೂತು, “ನಾನೇ ಕೆಡಿಸಿದೆನವ್ವಾ,” ಅಂದೆ. ನನಗೆ ಅಳು ತಡೆಯಲಾಗಲಿಲ್ಲ. ಅವಳೂ ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು, ಆಯೇರಿಯ ಸೀರೆಯನ್ನು ನನ್ನ ಹೆಗಲಿಗೆ ಹಿಡಿದು ನೋಡಿದಳು.

“ಏಳವ್ವಾ, ಟೇಲರ್ ಅಂಗಡಿ ತೆರೆದಿರ್ತದ. ಇದಕ್ಕ ಜಂಪರ್ ಹೊಲಿಸಬೇಕಲ್ಲ.”