ತುಟಿ ಹರಿಯದ ಮೀನು

ದೆವ್ವ, ಗಾಳಿ, ದೃಷ್ಟಿ ಎಂದು ಯಾರಾದರೂ ಮಾತೆತ್ತಿದರೆ ನಾನು ನಕ್ಕುಬಿಡುವವಳು. ಆಗಲೂ ನಗುತ್ತಿದ್ದೆ, ಈಗಲೂ ನಗುತ್ತೇನೆ. ಮತ್ತೆ ಇದನ್ನೇಕೆ ಬರೆಯುತ್ತಿದ್ದೀರಿ ಎಂದು ನೀವು ಕೇಳಬಹುದು. ಇಲ್ಲಿನ ನಮ್ಮ ಬಳಗದವರು ಈ ಘಟನೆಗೆ ತಮಗೆ ಬೇಕಾದ ಬಣ್ಣ ಹಚ್ಚಿಕೊಂಡು ಬಹಳ ವರ್ಷ ಹೇಳಿಕೊಂಡು ತಿರುಗಿದರು. ಇನ್ನು ನಾನೇ ಹೇಳಿಬಿಡುವುದು ವಾಸಿ.

ಎಂಬತ್ತರ ದಶಕದ ಮಾತು. ಊರು ಬಿಟ್ಟು ಈ ಪರದೇಶಕ್ಕೆ ಬಂದು, ಕ್ಯಾಂಪ್‌ಬೆಲ್ ಎಂಬಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಏಳು ತಿಂಗಳ ಬಸುರಿ. ಹಿಂದಿನ ವರ್ಷವಷ್ಟೇ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಆಗ ಹಿರಿಯರು ಊರಿನಿಂದ ಹೇಳಿಕಳಿಸಿದ ಕಟ್ಟಳೆಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದ್ದೆ. ಗ್ರಹಣದ ದಿನ ಪರದೆ ಎಳೆದುಕೊಂಡು ಮಲಗಿದ್ದೆ, ಪಪ್ಪಾಯಿ ಮುಟ್ಟಿರಲಿಲ್ಲ, ಸಂಜೆಯಾದ ಮೇಲೆ ಬಾಗಿಲು ದಾಟಿರಲಿಲ್ಲ. ಆದರೂ ಮಗು ಉಳಿಯಲಿಲ್ಲ. ಉಳಿಯದೇ ಹೋದ ಮೇಲೆ, ಎಲ್ಲೋ ಏನೋ ತಪ್ಪಿರಬೇಕು ನೋಡು ಎಂದು ನನಗೇ ಹೇಳಿದರು. ಆ ಮಾತಿಗೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹಾಗಾಗಿ ಎರಡನೆಯ ಸಲ ಒಂದೇ ಒಂದು ಕಟ್ಟಳೆಗೂ ತಲೆಬಾಗುವುದಿಲ್ಲ ಎಂದು ಹಟ ಹಿಡಿದಿದ್ದೆ.

ಬಾಣಂತನಕ್ಕೆಂದು ಮಂಡ್ಯದ ಕಡೆಯಿಂದ ಅತ್ತೆ ಬಂದಿದ್ದರು. ನನಗೋ ಹೊಳೆಮೀನಿನ ಬಯಕೆ. ಅಂಗಡಿಯ ಸಮುದ್ರದ ಮೀನು ಬಾಯಿಗೆ ಹತ್ತುತ್ತಿರಲಿಲ್ಲ. ಕಾವೇರಿಯ ದಡದಲ್ಲಿ ಅಪ್ಪನ ಪಕ್ಕ ಕೂತು ಗಾಳ ಹಾಕಿ ಬೆಳೆದವಳು ನಾನು. ಇಲ್ಲಿಗೆ ಬಂದ ಮೇಲೆ ಸ್ಯಾನ್ ವಾಕೀನ್ ನದಿಯ ದಡದಲ್ಲಿ ಕ್ರಾಪಿ ಹಿಡಿಯುವುದನ್ನು ಕಲಿತಿದ್ದೆ. ಅಂಗೈಯಗಲದ, ಮೈತುಂಬ ಕಪ್ಪು ಚುಕ್ಕೆಯ ಮೀನು ಅದು. ತುಟಿ ಮಾತ್ರ ಕಾಗದದಷ್ಟು ತೆಳು. ಸ್ವಲ್ಪ ಜೋರಾಗಿ ಎಳೆದರೂ ತುಟಿ ಹರಿದು ಬರೀ ಗಾಳ ಕೈಗೆ ಬರುತ್ತದೆ. ಎಳೆಮಗುವನ್ನು ನಡೆಸಿದ ಹಾಗೆ ಮೆಲ್ಲಗೆ ದಡಕ್ಕೆ ಕರೆತರಬೇಕು.

ಮಾರ್ಚ್ ತಿಂಗಳ ಒಂದು ಶನಿವಾರ ಹೊರಟು ನಿಂತೆವು.

“ಮುಚ್ಚಂಜೇಲಿ ಬಸ್ರಿ ಹೆಂಗ್ಸು ಹೊಳೆ ತಾವ್ಕೆ ಹೋಗ್ಬಾರ್ದು ಕನವ್ವ,” ಅಂದರು ಅತ್ತೆ.

“ಕ್ರಾಪಿ ಕಚ್ಚೋದೇ ಆ ಹೊತ್ತಲ್ಲಿ ಅತ್ತೆ,” ಅಂದೆ.

ಅವರೂ ಬಿಡುವವರಲ್ಲ. ತಾವೂ ಜೊತೆಗೆ ಹೊರಟು, ತಮ್ಮ ಅಡಕೆಕತ್ತರಿಯನ್ನು ನನ್ನ ಕೋಟಿನ ಜೇಬಿಗೆ ತುರುಕಿದರು. ಕಬ್ಬಿಣ ಮೈಮೇಲಿದ್ದರೆ ಕೆಟ್ಟದ್ದು ಹತ್ತಿರ ಸುಳಿಯುವುದಿಲ್ಲವಂತೆ. ನದಿಗೆ ಹೋಗಿ, ದಡದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತವಳೇ ಆ ಕೋಟನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದೆ. ಸೆಕೆಯೇನೂ ಇರಲಿಲ್ಲ, ಬೇಕೆಂದೇ ಬಿಚ್ಚಿದೆ. ನನ್ನವರು, ಅತ್ತೆ ಇಬ್ಬರೂ ಮೇಲೆ ಏರಿಯ ರಸ್ತೆಯಲ್ಲಿ ಕಾರಿನ ಹತ್ತಿರ ಕಾಫಿ ಕುಡಿಯುತ್ತಿದ್ದರು.

ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೆ ಗಾಳದ ದಾರಕ್ಕೆ ಕಟ್ಟಿದ್ದ ಬೆಂಡು ನೀರಿನೊಳಗೆ ಹೋಯಿತು. ಗಾಳದ ಕೋಲು ಎತ್ತಿದೆ. ಆ ಎಳೆತ ಕ್ರಾಪಿಯದಾಗಿರಲಿಲ್ಲ. ಒದ್ದಾಟವಿಲ್ಲ, ಅದುರಾಟವಿಲ್ಲ. ಒಂದೇ ಸಮನೆ, ದಡದ ಉದ್ದಕ್ಕೆ, ಹರಿವಿಗೆ ಎದುರಾಗಿ ಎಳೆಯುತ್ತಿತ್ತು. ದಾರ ಬಿಟ್ಟುಕೊಡೋಣವೆಂದು ರೀಲಿನ ಬಿಗಿ ಸಡಿಲಿಸಿದೆ. ದಾರ ಹೋಗಲಿಲ್ಲ, ನಾನೇ ಹೋದೆ. ಕುರ್ಚಿಯಿಂದೆದ್ದು, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ದಡದ ಮೇಲೆ ನಡೆದೆ. ನಾನು ಸುಧಾರಿಸಿಕೊಳ್ಳಲು ನಿಂತರೆ ಅದೂ ನಿಲ್ಲುತ್ತಿತ್ತು, ಆಮೇಲೆ ಮತ್ತೆ ಎಳೆಯುತ್ತಿತ್ತು. ಕೋಲನ್ನು ಕೈಬಿಡಬಹುದಿತ್ತಲ್ಲ ಎಂದು ನನ್ನವರು ಆಮೇಲೆ ಎಷ್ಟೋ ಸಲ ಕೇಳಿದರು. ಬಿಡಬಹುದಿತ್ತು, ಆದರೆ ಬಿಡಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಹಿಂದೆ ದೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ನಾನು ಕೂತಿದ್ದ ಜಾಗವೇ ಇರಲಿಲ್ಲ. ಅಷ್ಟಗಲ ದಡ ಕುಸಿದು, ಕುರ್ಚಿ, ಕೋಟು, ಅಡಕೆಕತ್ತರಿ ಸಮೇತ ನೀರಿಗೆ ಹೋಗಿತ್ತು. ಚಳಿಗಾಲದ ನೆರೆ ಕೆಳಗಿನ ಮಣ್ಣನ್ನು ಕೊರೆದಿತ್ತು, ಅದರಲ್ಲಿ ವಿಚಿತ್ರವೇನೂ ಇಲ್ಲ. ಆದರೆ ಆ ಗಳಿಗೆಯಲ್ಲೇ ನನ್ನ ದಾರವೂ ಸಡಿಲವಾಯಿತು. ಸುತ್ತಿಕೊಂಡೆ. ತುದಿಯಲ್ಲಿದ್ದದ್ದು ಅಂಗೈಯಷ್ಟೇ ಇದ್ದ ಒಂದು ಕ್ರಾಪಿ. ಗಾಳ ತುಟಿಗೆ ಚುಚ್ಚಿತ್ತು. ತುಟಿ ಕೂದಲೆಳೆಯಷ್ಟೂ ಹರಿದಿರಲಿಲ್ಲ.

ಓಡಿಬಂದ ನನ್ನವರು ನನ್ನನ್ನು ಬಿಗಿಯಾಗಿ ಹಿಡಿದುಕೊಂಡರು. ಆಮೇಲೆ ಇಂಜಿನಿಯರ್ ಬುದ್ಧಿ ಎಚ್ಚರವಾಯಿತು.

“ಯಾವುದೋ ದೊಡ್ಡ ಮೀನು ಇದನ್ನ ಬಾಯಲ್ಲಿ ಕಚ್ಕೊಂಡು ಹೋಗಿ ಆಮೇಲೆ ಬಿಟ್ಟಿರುತ್ತೆ ಕಣೇ, ಸಿಂಪಲ್ಲು.”

ಮೀನನ್ನು ಅವರ ಮುಂದೆ ಹಿಡಿದೆ. ಮೈಮೇಲೆ ಒಂದು ಹಲ್ಲಿನ ಗುರುತಿಲ್ಲ, ಒಂದು ಹುರುಪೆ ಎದ್ದಿಲ್ಲ.

ಅತ್ತೆ ಅಡಕೆಕತ್ತರಿಯೇ ಕಾಪಾಡಿತು ಅಂದರು. ಅದು ನನ್ನ ಮೈಮೇಲೆ ಇರಲೇ ಇಲ್ಲವಲ್ಲ ಅಂದೆ.

“ನಿನ್ ಬದ್ಲು ಹೊಳೆ ಕಬ್ಣವ ತಕಂಡದೆ ಕನವ್ವ,” ಅಂದರು. ಅತ್ತೆಯನ್ನು ಮಾತಿನಲ್ಲಿ ಗೆಲ್ಲಲು ಯಾರಿಂದಲೂ ಆಗದು.

ನಾನು ಮೀನನ್ನು ಬಕೆಟ್ಟಿಗೆ ಹಾಕಿದ್ದನ್ನು ಕಂಡು ಅವರು ಕೈ ಹಿಡಿದುಕೊಂಡರು. “ಬುಟ್ಬುಡವ್ವ ಅದ್ನ. ಎರಡು ಜೀವವ ಉಳ್ಸ್ಯದೆ.”

ನಾನು ಬಿಡಲಿಲ್ಲ. ಮನೆಗೆ ತಂದು, ನಾನೇ ಉಜ್ಜಿ ತೊಳೆದು, ಹುಣಸೆಹುಳಿ ಬಿಟ್ಟು ಸಾರು ಮಾಡಿದೆ. ಅತ್ತೆಯೇ ಮುದ್ದೆ ಕಟ್ಟಿಕೊಟ್ಟರು. ಹೊಟ್ಟೆ ತುಂಬ ಉಂಡೆ. ಕಾಪಾಡಿದ್ದನ್ನೇ ತಿಂದವಳು ಎಂದು ಬಳಗದಲ್ಲಿ ಹೆಸರಾಯಿತು. ಆಗಲಿ. ಎರಡು ತಿಂಗಳಿಗೆ ಮಗಳು ಗಟ್ಟಿಯಾಗಿ ಅಳುತ್ತ ಹುಟ್ಟಿದಳು.

ನನ್ನನ್ನು ಎಳೆದದ್ದು ಏನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದೆ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ದೇವರು ಅನ್ನುತ್ತಾರೆ, ಪುಣ್ಯ ಅನ್ನುತ್ತಾರೆ, ಇನ್ನಾದರೂ ಕೈಮುಗಿ ಅನ್ನುತ್ತಾರೆ. ಅದು ಏನೇ ಆಗಿರಲಿ, ಎದುರಿಗೆ ಬಂದರೆ ನನ್ನದೊಂದು ಪ್ರಶ್ನೆಯಿದೆ. ಅದಕ್ಕೂ ಹಿಂದಿನ ವರ್ಷ, ಎಲ್ಲ ಕಟ್ಟಳೆ ಪಾಲಿಸಿಕೊಂಡು, ಪರದೆ ಎಳೆದುಕೊಂಡು, ಕೋಣೆಯಲ್ಲಿ ಒಬ್ಬಳೇ ಮಲಗಿದ್ದೆನಲ್ಲ, ಆಗ ನೀನೆಲ್ಲಿದ್ದೆ?