ಎರಡನೇ ಸಲ ಮೂಗು ತೆರೆದಾಗ

ನಮ್ಮ ಮನೆಯಲ್ಲಿ ದೇವರಿಗೆ ನೈವೇದ್ಯ ಆಗುವ ತನಕ ಅಡುಗೆಯ ರುಚಿ ನೋಡುವಂತಿರಲಿಲ್ಲ. ಉಪ್ಪು ಸಾಕೋ ಬೇಕೋ, ಸಾರು ಹದಕ್ಕೆ ಬಂತೋ ಇಲ್ಲವೋ, ಎಲ್ಲವನ್ನೂ ಮೂಗೇ ಹೇಳಬೇಕು. ಪೆರಂಬೂರಿನ ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ನನಗೆ ಕಲಿಸಿದ ಮೊದಲ ವಿದ್ಯೆ ಅದು. ಕುದಿಯುವ ಸಾರಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಅವರು "ಉಪ್ಪು ಕಮ್ಮಿ" ಎಂದರೆ ಕಮ್ಮಿಯೇ. ನಾನೂ ಕಲಿತೆ. ಕಲಿತೆನೆಂದು ಜಂಬಪಡುವಷ್ಟರಲ್ಲಿ ಮೂಗು ಕೈಕೊಟ್ಟಿತು.

ತೊಂಬತ್ತರ ದಶಕದ ಕೊನೆ ಅದು. ವರ್ಷವಿಡೀ ನೆಗಡಿ, ಹುಬ್ಬಿನ ಹಿಂದೆ ಕಲ್ಲಿಟ್ಟಂಥ ನೋವು. ಸೈನಸ್ ಎಂದರು, ಒಳಗೆ ದುರ್ಮಾಂಸ ಬೆಳೆದಿದೆ ಎಂದರು, ಆಪರೇಷನ್ ಮಾಡಿದರು. ವಾಸನೆ ಮರಳಿತು. ಒಂದೆರಡು ಮಳೆಗಾಲ ನನ್ನ ಜೊತೆಗಿದ್ದು, ಆಮೇಲೆ ಹೇಳದೆ ಕೇಳದೆ ಹೊರಟುಹೋಯಿತು. ಹೋದದ್ದು ನನಗೆ ತಿಳಿದದ್ದು ಇಂಗಿನಿಂದ.

"ಏನಮ್ಮಾ, ಇಂಗಿನ ಡಬ್ಬಾನೇ ಸುರಿದ್ಬಿಟ್ಯಾ?" ಎನ್ನುತ್ತಾ ಅತ್ತೆ ಓಡಿಬಂದರು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡಿದ್ದರು. ನಾನು ಮಾತ್ರ ಆ ಘಾಟಿನ ನಡುವೆ ಸೌಟು ಹಿಡಿದು ನೆಮ್ಮದಿಯಾಗಿ ನಿಂತಿದ್ದೆ.

ಎರಡನೇ ಆಪರೇಷನ್ ಅಣ್ಣಾ ನಗರದಲ್ಲಿ ಆಯಿತು. ಉಸಿರಾಟ ಸರಿಹೋಗುತ್ತದೆ, ತಲೆನೋವು ತಗ್ಗುತ್ತದೆ, ವಾಸನೆಯ ಬಗ್ಗೆ ಮಾತ್ರ ಮಾತು ಕೊಡಲಾರೆ ಎಂದರು ಡಾಕ್ಟರು. ನನಗೆ ಬೇಕಾಗಿದ್ದದ್ದು ಅದೊಂದೇ.

ಮಂಪರಿನಲ್ಲಿ ನಾನು ಹುಟ್ಟಿ ಬೆಳೆದ ತ್ರಿಪ್ಲಿಕೇನಿನ ಬೀದಿಯಲ್ಲಿದ್ದೆ. ಕಾಫಿ ಬೀಜ ಹುರಿಯುತ್ತಿದ್ದರು. ಹೂವಿನವಳ ಬುಟ್ಟಿಯಿಂದ ಮರುಗ, ಮಲ್ಲಿಗೆ. ಬೀದಿಯ ಕೊನೆಯಿಂದ ಕಡಲಿನ ಉಪ್ಪು ಗಾಳಿ. ಒಂದೊಂದೂ ನನ್ನನ್ನು ಹೆಸರು ಹಿಡಿದು ಕರೆಯುತ್ತಿತ್ತು. ಎಚ್ಚರವಾದಾಗ ಮೂಗಿನ ತುಂಬ ಬ್ಯಾಂಡೇಜು ತುರುಕಿದ್ದರು, ಬಾಯಿ ಒಣಗಿತ್ತು. ಆದರೂ ಮಲ್ಲಿಗೆ ಇನ್ನೂ ಇಲ್ಲೇ ಎಲ್ಲೋ ಇದೆ ಅನ್ನಿಸುತ್ತಿತ್ತು. ಕಣ್ಣು ತೆರೆದರೆ ಓಡಿಹೋದೀತು ಎಂದು ಮುಚ್ಚಿಕೊಂಡೇ ಮಲಗಿದ್ದೆ.

ಬ್ಯಾಂಡೇಜು ತೆಗೆದ ದಿನ ತಣ್ಣನೆಯ ಗಾಳಿ ನೆತ್ತಿಯವರೆಗೂ ನುಗ್ಗಿತು. ನೋವು ಹೋಯಿತು, ನಿದ್ದೆ ಬಂತು. ಮತ್ತೆ ತೋರಿಸಲು ಹೋದಾಗ ಡಾಕ್ಟರು ಸಣ್ಣ ಕೊಳವೆ ಹಾಕಿ ನೋಡಿ, ಎಲ್ಲ ಸ್ವಚ್ಛವಾಗಿದೆ ಎಂದು ನಕ್ಕರು. ರೈಲು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ನಮ್ಮವರು "ಸೂಪರ್ ಸಕ್ಸೆಸ್" ಎಂದು ಜೊತೆಯವರಿಗೆಲ್ಲ ಮೈಸೂರುಪಾಕು ಹಂಚಿ ಬಂದರು. ಉಳಿದ ಒಂದು ತುಂಡನ್ನು ನನ್ನ ಬಾಯಿಗಿಟ್ಟರು. ಸಿಹಿಯಾಗಿತ್ತು, ತುಪ್ಪ ಇರಲಿಲ್ಲ. ಅವರ ಮುಖ ನೋಡಿ "ಚೆನ್ನಾಗಿದೆ" ಎಂದೆ. ಗಾಳಿ ಧಾರಾಳವಾಗಿ ಬರುತ್ತಿತ್ತು, ಆದರೆ ಬರಿಗೈಯಲ್ಲಿ ಬರುತ್ತಿತ್ತು.

ಅತ್ತೆಗೆ ಹೇಗೋ ಗೊತ್ತಾಗಿತ್ತು. ನಾನು ಮತ್ತೆ ಒಲೆಯ ಮುಂದೆ ನಿಂತ ಬೆಳಗ್ಗೆ ಬಂದು ಪಕ್ಕದಲ್ಲಿ ನಿಂತರು. ಸಾರು ಕುದಿಯುತ್ತಿತ್ತು. ಒಳಗೆ ದೇವರ ಮುಂದೆ ದೀಪ ಹಚ್ಚಿ ಆಗಿತ್ತು. ನಾನು ಬಗ್ಗಿದೆ, ಮುಖಕ್ಕೆ ಬಿಸಿ ಆವಿ ಬಡಿಯಿತು, ಅಷ್ಟೇ.

"ಕೈ ನೀಡು" ಎಂದರು. ಏಕೆಂದು ತಿಳಿಯುವ ಮೊದಲೇ ಒಂದು ಚಮಚ ಸಾರನ್ನು ಆರಿಸಿ ನನ್ನ ಅಂಗೈಗೆ ಬಿಟ್ಟರು.

"ಅತ್ತೆ, ನೈವೇದ್ಯ ಇನ್ನೂ..."

"ವಿಡು, ಬಿಟ್ಹಾಕು. ದೇವರಿಗೆ ನಾನು ಹೇಳ್ಕೋತೀನಿ. ನೀನು ಕುಡಿ."

ಕುಡಿದೆ. ಹುಳಿ ಇತ್ತು, ಖಾರ ಇತ್ತು, ಉಪ್ಪೂ ಇತ್ತು. ಇಂಗು, ಕೊತ್ತಂಬರಿ, ಕರಿಬೇವು ಯಾವುದೂ ಇರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಬಿಸಿನೀರಿಗೆ ಹುಣಸೆಹಣ್ಣು ಕಿವುಚಿದ ಹಾಗಿದೆ ಅತ್ತೆ" ಎಂದೆ. ದುಃಖ ತಡೆಯಲಾಗಲಿಲ್ಲ. ನಿಂತಲ್ಲೇ ಜೋರಾಗಿ ಅತ್ತುಬಿಟ್ಟೆ.

ಅವರು ಅದೇ ಚಮಚದಿಂದ ತಾವೂ ಸ್ವಲ್ಪ ಸಾರನ್ನು ಅಂಗೈಗೆ ಹಾಕಿಕೊಂಡು, ಹುಟ್ಟಿದಂದಿನಿಂದ ಮಾಡದ್ದನ್ನು ಮಾಡಿದರು, ಕುಡಿದರು. "ಚೆನ್ನಾಗೇ ಮಾಡಿದ್ದೀಯ ಕಣೇ" ಎಂದರು. ಆಮೇಲೆ ಸಾರಿನ ಪಾತ್ರೆಯನ್ನು ಬದಿಗಿಟ್ಟು, ಕೈ ತೊಳೆದು, ಆ ದಿನ ದೇವರಿಗೆ ಹಾಲು, ಬಾಳೆಹಣ್ಣು ಮಾತ್ರ ಇಟ್ಟರು.